ಕೆಟ್ಟಾಗ ಯಾವ ಕಡೆಗೆ ಬೀಳಬೇಕು?

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್‌ಗೆ ಅಂತ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇತ್ ಶೆಡ್ಡಿಗೆ ಬೀಗ ಮಾಡಿಕೊಟ್ಟೆವು. ಕಟಿಂಗ್ ಟೂಲು, ಹಿತ್ತಾಳೆ ರಾಡು, ತಾಮ್ರದ ತಂತಿ ಇಡುವ ಸ್ಟೋರ್ ರೂಮು ಅದು. ಕಾರ್ಡು ತೋರಿಸಿದರೆ ಬಾಗಿಲು ತೆರೆಯಬೇಕು, ಯಾರು ಯಾವಾಗ ಒಳಗೆ ಹೋದರು ಅನ್ನೋದು ಮಾಲೀಕರ ಫೋನಿಗೆ ಹೋಗಬೇಕು. ಡೆಮೊ ದಿನ ಎಲ್ಲವೂ ಸರಿಯಾಗೇ ನಡೆಯಿತು. ಮಾಲೀಕರು ಖುಷಿಯಾಗಿ ಚಹಾ ತರಿಸಿದರು.

ಚಹಾ ಕುಡಿಯುತ್ತಿರುವಾಗ ವಾಚ್‌ಮನ್ ಅಜ್ಜ ಕೇಳಿದರು: "ಅಲ್ರಪ್ಪಾ, ನೆಟ್ ಹೋದ್ರೆ ಏನಾಗ್ತದೆ ಇದು?"

ನಾವು ಹೆಮ್ಮೆಯಿಂದಲೇ ಹೇಳಿದೆವು: "ಏನೂ ತೊಂದ್ರೆ ಇಲ್ಲ ಅಜ್ಜಾರೇ. ನೆಟ್ ಹೋದ್ರೆ ಬಾಗಿಲು ತಾನಾಗೇ ತೆರೀತದೆ. ಕೆಲಸ ನಿಲ್ಲೋದಿಲ್ಲ."

ಅಜ್ಜ ನಕ್ಕರು. "ಹಂಗಾದ್ರೆ ಕಳ್ಳ ಕಾರ್ಡ್ ಯಾಕೆ ಕದೀತಾನೆ? ವೈರ್ ಕಡೀತಾನೆ, ಅಷ್ಟೆ."

ಮೂರು ತಿಂಗಳು ಕೂತು ಬರೆದ ಕೋಡು ಒಂದೇ ಮಾತಿಗೆ ಬಿದ್ದುಹೋಯಿತು. ಆ ಮಾತಿನ ಹಿಂದೆ ಹೋಗಿ ನಾವು ಓದಿದ್ದು, ತಿದ್ದಿಕೊಂಡಿದ್ದು ಏನು ಅನ್ನೋದೇ ಈ ಲೇಖನ. ಯಾವ ವ್ಯವಸ್ಥೆಯೂ ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟಾಗ ಅದು ಯಾವ ಕಡೆಗೆ ಬೀಳಬೇಕು ಅನ್ನೋದನ್ನು ಕೆಡುವ ಮೊದಲೇ ನಾವು ತೀರ್ಮಾನ ಮಾಡಿರಬೇಕು. ನಾವು ಮಾಡದೆ ಬಿಟ್ಟರೆ ಆ ತೀರ್ಮಾನವನ್ನು ಬೇರೆ ಯಾರೋ ಮಾಡುತ್ತಾರೆ.

ಒಂದೇ ಬಾಗಿಲು, ಎರಡು ಉತ್ತರ

ಮೊದಲು ಎರಡು ಶಬ್ದ. ಕೆಟ್ಟಾಗ ಮನುಷ್ಯರ ಪ್ರಾಣಕ್ಕೆ ಅಪಾಯ ಆಗದ ಸ್ಥಿತಿಗೆ ಬಂದು ನಿಲ್ಲುವುದು 'ಫೇಲ್-ಸೇಫ್'. ಕೆಟ್ಟಾಗ ಒಳಗಿರುವ ವಸ್ತುವನ್ನೋ ಮಾಹಿತಿಯನ್ನೋ ಬಿಟ್ಟುಕೊಡದ ಸ್ಥಿತಿಗೆ ಬಂದು ನಿಲ್ಲುವುದು 'ಫೇಲ್-ಸೆಕ್ಯೂರ್'. ಎಷ್ಟೋ ಕಡೆ ಎರಡೂ ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ಆದರೆ ಬಾಗಿಲಿನ ಮುಂದೆ ನಿಂತರೆ ಎರಡೂ ಜಗಳಕ್ಕೆ ಬೀಳುತ್ತವೆ.

ಬೀಗಗಳಲ್ಲೇ ಎರಡು ಜಾತಿ ಇವೆ. ಅಯಸ್ಕಾಂತದ ಬೀಗಕ್ಕೆ ಹಿಡಿದುಕೊಳ್ಳಲು ಕರೆಂಟ್ ಬೇಕು, ಕರೆಂಟ್ ಹೋದರೆ ಬಾಗಿಲು ಸಡಿಲ. ಇನ್ನೊಂದು ಜಾತಿಗೆ ತೆರೆಯಲು ಕರೆಂಟ್ ಬೇಕು, ಕರೆಂಟ್ ಹೋದರೆ ಚಿಲಕ ಹಾಕಿದ ಹಾಗೇ ಇರುತ್ತದೆ. ಬೆಂಕಿ ಬಿದ್ದಾಗ ಜನ ಓಡಿ ಹೊರಬರಬೇಕಾದ ಬಾಗಿಲಿಗೆ ಮೊದಲನೆಯದು ಸರಿ. ಸರ್ವರ್ ಇಟ್ಟ ಕೋಣೆಗೆ ಎರಡನೆಯದು ಸರಿ. ಹಾಗಾದರೆ ಸರ್ವರ್ ಕೋಣೆಯೊಳಗೆ ಮನುಷ್ಯ ಇದ್ದಾಗ ಬೆಂಕಿ ಬಿದ್ದರೆ? ಉತ್ತರ ಸರಳ: ಹೊರಗಿನಿಂದ ಬೀಗ ಬಿಗಿಯಾಗೇ ಇರಲಿ. ಒಳಗಿನಿಂದ ಮಾತ್ರ ಕರೆಂಟ್, ಕೋಡು, ನೆಟ್ ಯಾವುದೂ ಬೇಡದ ಬರೀ ಕಬ್ಬಿಣದ ಹ್ಯಾಂಡಲ್ ಇರಲಿ.

ಇಲ್ಲಿ ಗಮನಿಸಬೇಕಾದ್ದು ಏನಂದರೆ, 'ಬಾಗಿಲು ತೆರೆಯಬೇಕೋ ಮುಚ್ಚಬೇಕೋ' ಅನ್ನೋ ಪ್ರಶ್ನೆಯೇ ತಪ್ಪು. 'ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬೇಕು' ಅಂತ ಕೇಳಿದರೆ ಉತ್ತರ ಸಿಗುತ್ತದೆ.

ಹಳಿ ಕಲಿಸುವ ಪಾಠ

ಈ ವಿದ್ಯೆಯನ್ನು ಕಂಪ್ಯೂಟರ್‌ಗಿಂತ ಬಹಳ ಮೊದಲೇ ಕಲಿತವರು ರೈಲ್ವೆಯವರು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಅನ್ನುವವರು ಟ್ರ್ಯಾಕ್ ಸರ್ಕ್ಯೂಟ್ ಕಂಡುಹಿಡಿದರು. ಹಳಿಯ ಒಂದು ತುಂಡಿನ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಎರಡು ಹಳಿಗಳ ಮೂಲಕ ಕರೆಂಟ್ ಹರಿದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ರಿಲೇ ಎದ್ದಿದ್ದರೆ ಮಾತ್ರ ಸಿಗ್ನಲ್ ಹಸಿರಾಗಬಹುದು. ಗಾಡಿ ಬಂದರೆ ಅದರ ಗಾಲಿ ಮತ್ತು ಅಚ್ಚು ಎರಡೂ ಹಳಿಯನ್ನು ಜೋಡಿಸಿಬಿಡುತ್ತವೆ. ಕರೆಂಟ್ ಆ ಕಡೆಯೇ ತಿರುಗಿಹೋಗಿ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ.

ಜಾಣತನ ಇರೋದು ಮುಂದಿನ ಮಾತಿನಲ್ಲಿ. ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ. ತಂತಿ ತುಂಡಾದರೂ ಬೀಳುತ್ತದೆ. ಹಳಿ ಪೂರ್ತಿ ಕತ್ತರಿಸಿಹೋದರೂ ಬೀಳುತ್ತದೆ. ಎಲ್ಲ ಕೇಡಿಗೂ ಉತ್ತರ ಒಂದೇ: ಕೆಂಪು. ರಿಲೇ ಬೀಳೋದು ತನ್ನ ತೂಕದಿಂದ, ಭೂಮಿಯ ಸೆಳೆತಕ್ಕೆ ಪವರ್ ಕಟ್ ಅನ್ನೋದಿಲ್ಲ. ಅದೇ 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಮಾಡಿದ ಆಟೋಮ್ಯಾಟಿಕ್ ಏರ್ ಬ್ರೇಕಿನ ತತ್ವವೂ ಇದೇ. ಪೈಪಿನಲ್ಲಿ ಗಾಳಿ ತುಂಬಿದ್ದರೆ ಬ್ರೇಕ್ ಬಿಟ್ಟಿರುತ್ತದೆ. ಪೈಪು ಸೋರಿದರೆ, ಡಬ್ಬಿ ಕಳಚಿಕೊಂಡರೆ, ನೀವು ಚೈನು ಎಳೆದರೆ, ಗಾಳಿ ಇಳಿದು ಬ್ರೇಕ್ ಹಿಡಿಯುತ್ತದೆ.

ಇದಕ್ಕೆ ವಿರುದ್ಧವಾಗಿ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. 1876ರ ಜನವರಿ 21ರಂದು ಇಂಗ್ಲೆಂಡಿನ ಆ್ಯಬಟ್ಸ್ ರಿಪ್ಟನ್ ಎಂಬಲ್ಲಿ ಗಾಡಿಗಳು ಡಿಕ್ಕಿಯಾದವು. ಆಗ ಆ ಮಾರ್ಗದ ಸಿಗ್ನಲ್ ಕೈಗಳು ಸಾಮಾನ್ಯವಾಗಿ 'ದಾರಿ ಇದೆ' ಅಂತಲೇ ಇರುತ್ತಿದ್ದವು, ಅಪಾಯ ಇದ್ದಾಗ ಮಾತ್ರ ಅದನ್ನು 'ನಿಲ್ಲು' ಅಂತ ಬದಲಿಸುತ್ತಿದ್ದರು. ಅವತ್ತು ಹಿಮ ಬಿದ್ದು ಸಿಗ್ನಲ್ ಕೈ ಕಂಬದ ಸೀಳಿನೊಳಗೇ ಹೆಪ್ಪುಗಟ್ಟಿತ್ತು. ಸಿಗ್ನಲ್‌ಮನ್ ಲಿವರ್ ಎಳೆದರೂ ಅದು 'ದಾರಿ ಇದೆ' ಅಂತಲೇ ತೋರಿಸಿತು. ಆಮೇಲೆ ಸಿಗ್ನಲ್ ಸದಾ 'ನಿಲ್ಲು' ಅಂತಲೇ ಇರಬೇಕು, ದಾರಿ ಖಚಿತವಾದಾಗ ಮಾತ್ರ ಬಿಡಬೇಕು ಅನ್ನೋ ಪದ್ಧತಿ ಬಂತು.

ನಮ್ಮ ಕರೂರಿನ ಬಾಗಿಲು ಆ್ಯಬಟ್ಸ್ ರಿಪ್ಟನ್ ಸಿಗ್ನಲ್ಲೇ ಆಗಿತ್ತು.

ಹೊಸದುರ್ಗ ರೋಡ್

ಇಂಗ್ಲೆಂಡಿನವರೆಗೆ ಯಾಕೆ, ನಮ್ಮ ಮಾರ್ಗಕ್ಕೇ ಬರೋಣ. ಬೆಂಗಳೂರಿನಿಂದ ರೈಲಿನಲ್ಲಿ ದಾವಣಗೆರೆಗೆ ಬರುವಾಗ ಬೀರೂರು ದಾಟಿದ ಮೇಲೆ, ಚಿಕ್ಕಜಾಜೂರಿಗೆ ಮೊದಲು ಹೊಸದುರ್ಗ ರೋಡ್ ಸ್ಟೇಷನ್ ಸಿಗುತ್ತದೆ. 2023ರ ಫೆಬ್ರವರಿ 8ರ ಸಂಜೆ ಅಲ್ಲಿ 12649 ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಎದುರು ಹಳಿಗೆ ನುಗ್ಗುವುದರಲ್ಲಿತ್ತು. ಸ್ಟೇಷನ್ ಮಾಸ್ಟರ್ ಮುಂದಿನ ಪ್ಯಾನೆಲ್ ಮೇಲೆ ದಾರಿ ಸರಿಯಾಗೇ ಕಾಣುತ್ತಿತ್ತು. ಹಳಿಯ ಮೇಲೆ ಮಾತ್ರ ಪಾಯಿಂಟ್ ಬೇರೆ ಕಡೆಗೆ ತಿರುಗಿತ್ತು. ಲೋಕೋ ಪೈಲಟ್ ಕಣ್ಣಿಟ್ಟು ನೋಡಿ ಗಾಡಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಕಾರ್ಯಾಚರಣೆ ಅಧಿಕಾರಿಯೊಬ್ಬರು ಪತ್ರ ಬರೆದು, ಗಾಡಿ ಹೊರಟ ಮೇಲೆ ದಾರಿ ಬದಲಾಗುವುದು ಇಂಟರ್‌ಲಾಕಿಂಗ್‌ನ ಮೂಲ ತತ್ವಕ್ಕೇ ವಿರುದ್ಧ ಅಂತ ಎಚ್ಚರಿಸಿದರು.

ಇಂಟರ್‌ಲಾಕಿಂಗ್ ಅಂದರೆ ಇಷ್ಟು: ಪಾಯಿಂಟ್ ಸರಿಯಾಗಿ ಕೂತು ಬೀಗ ಬಿದ್ದ ಮೇಲೇ ಸಿಗ್ನಲ್ ಬರಬೇಕು, ಸಿಗ್ನಲ್ ಕೊಟ್ಟ ಮೇಲೆ ಗಾಡಿ ದಾಟುವ ತನಕ ಪಾಯಿಂಟ್ ಅಲುಗಬಾರದು. ಎರಡೂ ಒಂದನ್ನೊಂದು ಕಟ್ಟಿಹಾಕಿರುತ್ತವೆ.

ನಾಲ್ಕು ತಿಂಗಳೊಳಗೆ, 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯ ಹಸಿರು ಸಿಗ್ನಲ್ ಸಿಕ್ಕಿತು, ಪಾಯಿಂಟ್ ಮಾತ್ರ ಲೂಪ್ ಹಳಿಗೆ ತಿರುಗಿತ್ತು. ಅಲ್ಲಿ ಗೂಡ್ಸ್ ಗಾಡಿ ನಿಂತಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡದ್ದು ಸಿಗ್ನಲ್ ಸರ್ಕ್ಯೂಟಿನ ವೈರಿಂಗ್ ಬದಲಾವಣೆಯಲ್ಲಿ ಆದ ತಪ್ಪನ್ನು. ಹಿಂದೊಮ್ಮೆ ಮಾಡಿದ ಬದಲಾವಣೆ, ಜೊತೆಗೆ ಅವತ್ತು ಲೆವೆಲ್ ಕ್ರಾಸಿಂಗ್ ಗೇಟಿಗೆ ಸಂಬಂಧಿಸಿ ನಡೆಯುತ್ತಿದ್ದ ಕೆಲಸ.

ಎರಡು ಘಟನೆಗೂ ಕಾರಣ ಒಂದೇ ಅಂತ ನಾವು ಹೇಳುತ್ತಿಲ್ಲ. ಆದರೆ ವಿನ್ಯಾಸ ಮಾಡುವವರಿಗೆ ಎರಡು ಪಾಠ ಇವೆ. ಒಂದು, ಪರದೆ ಹೇಳುವುದೇ ನೆಲದ ಮೇಲಿನ ಸತ್ಯ ಅಲ್ಲ. ಎರಡು, ವ್ಯವಸ್ಥೆ ಅತಿ ದುರ್ಬಲವಾಗಿರೋದು ರಿಪೇರಿ ನಡೆಯುವಾಗ. ಕೆಟ್ಟರೆ ಕೆಂಪು ಬೀಳುವಂತೆ ನೂರೈವತ್ತು ವರ್ಷ ಕಷ್ಟಪಟ್ಟು ಕಟ್ಟಿದ ವ್ಯವಸ್ಥೆಯೂ, ಒಳಗೆ ಕೈ ಹಾಕಿ ಒಂದು ತಂತಿ ಅದಲುಬದಲು ಮಾಡಿದರೆ ಹಸಿರನ್ನೇ ತೋರಿಸುತ್ತದೆ.

ಕೋಡಿನೊಳಗೆ ಅಡಗಿದ 'ಹೌದು'

ಈಗ ನಮ್ಮ ಕೋಡು. ಅದನ್ನು ಕನ್ನಡದಲ್ಲಿ ಬರೆದರೆ ಹೀಗಿತ್ತು:

ಅನುಮತಿ = ಹೌದು
ಸರ್ವರನ್ನು ಕೇಳು
ಉತ್ತರ "ಬೇಡ" ಎಂದಿದ್ದರೆ, ಅನುಮತಿ = ಇಲ್ಲ
ಅನುಮತಿ "ಹೌದು" ಇದ್ದರೆ, ಬಾಗಿಲು ತೆಗೆ

ನೋಡಲು ಸರಿಯಾಗೇ ಇದೆ. ಆದರೆ ಉತ್ತರವೇ ಬರದಿದ್ದರೆ? ಅರ್ಧ ಬಂದು ನಿಂತರೆ? "ಬೇಡ" ಅನ್ನೋ ಜಾಗದಲ್ಲಿ ಕಸ ಬಂದರೆ? ಮೂರಕ್ಕೂ ಬಾಗಿಲು ತೆರೆಯುತ್ತದೆ. ತಿದ್ದಿದ್ದು ಹೀಗೆ:

ಅನುಮತಿ = ಇಲ್ಲ
ಸರ್ವರನ್ನು ಕೇಳು
ಉತ್ತರ ಸ್ಪಷ್ಟವಾಗಿ "ಬಿಡು" ಎಂದಿದ್ದರೆ ಮಾತ್ರ, ಅನುಮತಿ = ಹೌದು
ಅನುಮತಿ "ಹೌದು" ಇದ್ದರೆ, ಬಾಗಿಲು ತೆಗೆ

ಬದಲಾಗಿದ್ದು ಎರಡೇ ಸಾಲು, ಆದರೆ ನಡವಳಿಕೆ ಪೂರ್ತಿ ಬೇರೆ. ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದಕ್ಕೊಂದು ಒಳ್ಳೆಯ ಕಾರಣ ಕೊಡುತ್ತಾರೆ. 'ಬಿಡು ಅಂದವರನ್ನು ಮಾತ್ರ ಬಿಡು' ಅನ್ನೋ ವ್ಯವಸ್ಥೆಯಲ್ಲಿ ತಪ್ಪಿದ್ದರೆ, ಒಳಗೆ ಹೋಗಬೇಕಾದವರು ಹೊರಗೆ ನಿಂತು ಕೂಗುತ್ತಾರೆ. ತಪ್ಪು ಬೇಗ ಗೊತ್ತಾಗುತ್ತದೆ. 'ಬೇಡ ಅಂದವರನ್ನು ಮಾತ್ರ ತಡೆ' ಅನ್ನೋ ವ್ಯವಸ್ಥೆಯಲ್ಲಿ ತಪ್ಪಿದ್ದರೆ, ಒಳಗೆ ಹೋಗಬಾರದವನು ಸುಮ್ಮನೆ ಒಳಗೆ ಹೋಗುತ್ತಾನೆ. ಬಾಗಿಲು ತೆರೆದಿತ್ತು ಅಂತ ಯಾವ ಕಳ್ಳನೂ ದೂರು ಕೊಡುವುದಿಲ್ಲ.

ಇದು ವಿದ್ಯಾರ್ಥಿಗಳ ಕೋಡಿಗಷ್ಟೇ ಬರುವ ರೋಗವಲ್ಲ. 2014ರ ಫೆಬ್ರವರಿಯಲ್ಲಿ ಆ್ಯಪಲ್ ಕಂಪನಿ ತನ್ನ ಫೋನುಗಳ ಒಂದು ದೋಷ ಸರಿಪಡಿಸಿತು. ಸುರಕ್ಷಿತ ಸಂಪರ್ಕ ಮಾಡುವಾಗ ಎದುರಿನ ಸರ್ವರ್‌ನ ಸಹಿ ಪರೀಕ್ಷಿಸುವ ಕೋಡಿನಲ್ಲಿ 'ಗೋಟು ಫೇಲ್' ಅನ್ನೋ ಸಾಲು ಅಕಸ್ಮಾತ್ ಎರಡು ಸಲ ಬಿದ್ದಿತ್ತು. ಎರಡನೆಯದು ಯಾವ ಷರತ್ತಿಗೂ ಒಳಪಡದೆ ಪ್ರತಿ ಸಲವೂ ಓಡುತ್ತಿತ್ತು. ನಿಯಂತ್ರಣ ನೇರ ಕೊನೆಗೆ ಜಿಗಿಯುತ್ತಿತ್ತು, ಕೊನೆಯ ಸಹಿ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ. ಫಲಿತಾಂಶದ ವೇರಿಯಬಲ್‌ನಲ್ಲಿ ಮಾತ್ರ ಹಿಂದಿನ ಹಂತದ 'ತಪ್ಪೇನೂ ಇಲ್ಲ' ಉಳಿದುಕೊಂಡಿತ್ತು. ಫೇಲ್ ಅಂತ ಹೆಸರಿಟ್ಟ ದಾರಿಯೇ ಪಾಸ್ ಮಾಡಿ ಕಳಿಸುತ್ತಿತ್ತು. ಆ ವೇರಿಯಬಲ್ ಮೊದಲಿನಿಂದ 'ವಿಫಲ' ಅಂತಿದ್ದು, ಎಲ್ಲ ಪರೀಕ್ಷೆ ಮುಗಿದ ಮೇಲಷ್ಟೇ 'ಸರಿ' ಆಗುವಂತಿದ್ದರೆ, ಅದೇ ಕೈತಪ್ಪು ಸಂಪರ್ಕವನ್ನು ನಿಲ್ಲಿಸುತ್ತಿತ್ತು, ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಬೀಳಿಸುವವನೂ ಇದ್ದಾನೆ

ಸುರಕ್ಷತೆಯ ಎಂಜಿನಿಯರಿಂಗ್‌ಗೂ ಭದ್ರತೆಯ ಎಂಜಿನಿಯರಿಂಗ್‌ಗೂ ಇರುವ ದೊಡ್ಡ ವ್ಯತ್ಯಾಸ ಇದು. ಹಿಮ ಬೇಕಂತಲೇ ಸಿಗ್ನಲ್ ಮೇಲೆ ಬೀಳುವುದಿಲ್ಲ. ಕಳ್ಳ ಬೇಕಂತಲೇ ವೈರ್ ಕಡಿಯುತ್ತಾನೆ. 'ಇದು ಅಪರೂಪಕ್ಕೆ ಆಗೋದು ಬಿಡಿ' ಅನ್ನೋ ಮಾತಿಗೆ ಭದ್ರತೆಯಲ್ಲಿ ಬೆಲೆ ಇಲ್ಲ. ಅಪರೂಪದ್ದನ್ನು ಅವನು ದಿನಾ ಮಾಡಬಲ್ಲ.

2014ರ ಅಕ್ಟೋಬರ್‌ನಲ್ಲಿ ಬಯಲಾದ 'ಪೂಡಲ್' ದಾಳಿ ನಡೆದದ್ದೇ ಹೀಗೆ. ಆಗಿನ ಬ್ರೌಸರ್‌ಗಳು ಹೊಸ ವಿಧಾನದಲ್ಲಿ ಸಂಪರ್ಕ ಸಿಗದಿದ್ದರೆ, ಹಳೇ ಸರ್ವರ್ ಇರಬೇಕು ಅಂದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ 1996ರ ಎಸ್‌ಎಸ್‌ಎಲ್ 3.0ಕ್ಕೂ ಒಪ್ಪುತ್ತಿದ್ದವು. ಉದ್ದೇಶ ಒಳ್ಳೆಯದೇ, ಬಳಕೆದಾರರಿಗೆ ತೊಂದರೆ ಆಗಬಾರದು ಅಂತ. ನಡುವೆ ಕೂತ ದಾಳಿಕೋರ ಹೊಸ ವಿಧಾನದ ಸಂಪರ್ಕಗಳನ್ನೆಲ್ಲ ಕಡಿದುಹಾಕಿದರೆ ಸಾಕಿತ್ತು, ಬ್ರೌಸರ್ ತಾನಾಗೇ ಇಳಿದು ದುರ್ಬಲ ವಿಧಾನಕ್ಕೆ ಬರುತ್ತಿತ್ತು. ಪರ್ಯಾಯ ದಾರಿ ಮುಖ್ಯ ದಾರಿಗಿಂತ ಸಡಿಲವಾಗಿದ್ದರೆ, ಅದೇ ಮುಖ್ಯ ದಾರಿಯಾಗುತ್ತದೆ.

ಹಾಗಂತ ಸುಮ್ಮನೆ ಮುಚ್ಚಿದರೆ ಸಾಕೇ?

ಸಾಲದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ಸತ್ತುಹೋಗಿದ್ದು ನೆನಪಿದೆಯಲ್ಲ? ನಿರ್ವಹಣೆಗೆ ಕೊಟ್ಟ ಒಂದು ಆದೇಶ ಅವರ ಡೇಟಾ ಸೆಂಟರ್‌ಗಳ ನಡುವಿನ ಜಾಲವನ್ನೇ ಕಡಿದುಹಾಕಿತು. ಅಂಥ ಆದೇಶ ತಡೆಯಲೆಂದೇ ಇದ್ದ ತಪಾಸಣಾ ಸಾಫ್ಟ್‌ವೇರ್‌ನಲ್ಲಿ ದೋಷ ಇದ್ದು ಅದು ತಡೆಯಲಿಲ್ಲ. ಆಮೇಲೆ, ಡೇಟಾ ಸೆಂಟರ್ ಜೊತೆ ಮಾತಾಡಲಾಗದ ಅವರ ಡಿಎನ್‌ಎಸ್ ಸರ್ವರ್‌ಗಳು 'ನಾನು ಸರಿಯಿಲ್ಲ' ಅಂತ ವಿನ್ಯಾಸದಂತೆಯೇ ಇಂಟರ್‌ನೆಟ್‌ನಿಂದ ಹಿಂದೆ ಸರಿದವು. ಎಲ್ಲವೂ ಒಟ್ಟಿಗೆ ಸರಿದಾಗ ಕಂಪನಿಯೇ ಮಾಯ. ರಿಪೇರಿಗೆ ಹೋದ ಎಂಜಿನಿಯರ್‌ಗಳಿಗೆ ಒಳಗೆ ಹೋಗಿ ಯಂತ್ರ ಮುಟ್ಟಲು ಸಮಯ ಹಿಡಿಯಿತು, ಆ ಕಟ್ಟಡಗಳ ಭದ್ರತೆ ಅಷ್ಟು ಬಿಗಿ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಇನ್ನೂ ಗಂಭೀರವಾದ ಪ್ರಶ್ನೆ ನಮ್ಮ ಬೀದಿಯಲ್ಲೇ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದದಿದ್ದರೆ, ಸರ್ವರ್ ಸಿಗದಿದ್ದರೆ, ವ್ಯವಸ್ಥೆ ಯಾವ ಕಡೆ ಬೀಳಬೇಕು? ಎಲ್ಲರಿಗೂ ಬಿಟ್ಟರೆ ಅಕ್ಕಿ ಕಳ್ಳರ ಪಾಲು. ಯಾರಿಗೂ ಬಿಡದಿದ್ದರೆ, ಕೂಲಿ ಮಾಡಿ ಬೆರಳ ಗೆರೆ ಸವೆದ ಅಜ್ಜಿ ಖಾಲಿ ಚೀಲ ಹಿಡಿದು ಮನೆಗೆ ಹೋಗಬೇಕು. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಬರೆದದ್ದು ಇದರ ಬಗ್ಗೆಯೇ: ದೃಢೀಕರಣ ಆಗಲಿಲ್ಲ ಅಂತ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಹಾಗೆ ವಿನಾಯಿತಿಯಲ್ಲಿ ಕೊಟ್ಟದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು. ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಇದು ಒಳ್ಳೆಯ ಪರ್ಯಾಯ ದಾರಿಯ ನಕ್ಷೆ. ದಾರಿ ಇದೆ, ಆದರೆ ಕಿರಿದು. ಹೋದವರ ಗುರುತು ಉಳಿಯುತ್ತದೆ, ಆಮೇಲೆ ಯಾರಾದರೂ ತಾಳೆ ನೋಡಬಹುದು. ಆ ಪುಸ್ತಕ ಕಾಗದದ್ದೇ ಆದರೂ ಅದು ವ್ಯವಸ್ಥೆಯ ಭಾಗವೇ.

ನಾವು ಬಾಗಿಲು ತಿದ್ದಿದ ಬಗೆ

ಇಷ್ಟು ಓದಿಕೊಂಡು ಮತ್ತೆ ಕರೂರಿಗೆ ಹೋದೆವು. ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಕೊಡುತ್ತೇವೆ. ನಿಮ್ಮ ಪ್ರಾಜೆಕ್ಟ್‌ಗೂ ಬಂದಾವು.

1. ಬೀಗವನ್ನೇ ಬದಲಿಸಿದೆವು. ಈಗ ಕರೆಂಟ್ ಹೋದರೆ ಹೊರಗಿನಿಂದ ಮುಚ್ಚಿಯೇ ಇರುತ್ತದೆ. ಒಳಗೆ ಹ್ಯಾಂಡಲ್ ಇದೆ, ಅದಕ್ಕೂ ನಮ್ಮ ಕೋಡಿಗೂ ಸಂಬಂಧ ಇಲ್ಲ.

2. ಕರೆಂಟ್ ಹೋಗುವುದಕ್ಕಿಂತ ಬರುವ ಹೊತ್ತು ಮೋಸದ್ದು. ಬೋರ್ಡು ಬೂಟ್ ಆಗುವಾಗ ಕೆಲವು ಪಿನ್‌ಗಳು ಅರೆಕ್ಷಣ ಮೇಲೆ ಕೆಳಗೆ ಆಡುತ್ತವೆ. ನಮ್ಮ ರಿಲೇ ಪ್ರತಿ ಸಲ ಕರೆಂಟ್ ಬಂದಾಗ 'ಟಕ್' ಅಂತ ಒಮ್ಮೆ ಬೀಗ ತೆಗೆಯುತ್ತಿತ್ತು. ಬೂಟ್ ಸಮಯದಲ್ಲಿ ಸುಮ್ಮನಿರುವ ಪಿನ್ ಆರಿಸಿ, ಹೊರಗಿನಿಂದ 10 ಕಿಲೋಓಮ್ ರೆಸಿಸ್ಟರ್ ಹಾಕಿ ರಿಲೇಯನ್ನು 'ಆಫ್' ಕಡೆಗೆ ಎಳೆದು ನಿಲ್ಲಿಸಿದೆವು. ಕೋಡು ಏಳುವ ಮೊದಲೂ ಬಾಗಿಲು ಕಾಯುತ್ತಿರಬೇಕು.

3. ನೆಟ್ ಇಲ್ಲದಾಗ ಬೋರ್ಡು ತನ್ನಲ್ಲಿರುವ ಕಾರ್ಡ್ ಪಟ್ಟಿ ನೋಡುತ್ತದೆ. ಆ ಪಟ್ಟಿಗೆ 24 ಗಂಟೆ ಆಯುಷ್ಯ. ಅದು ಮುಗಿದರೆ ಮಾಲೀಕರ ಕಬ್ಬಿಣದ ಬೀಗದ ಕೈ. ಅದು ಸೀಲ್ ಮಾಡಿದ ಲಕೋಟೆಯಲ್ಲಿದೆ, ಒಡೆದರೆ ರಿಜಿಸ್ಟರ್‌ನಲ್ಲಿ ಸಹಿ.

4. ಆ್ಯಪ್ 'ಮುಚ್ಚಿದೆ' ಅಂತ ತೋರಿಸುತ್ತಿದ್ದದ್ದು ನಾವು 'ಮುಚ್ಚು' ಅಂತ ಹೇಳಿದ್ದೆವು ಅನ್ನೋ ಕಾರಣಕ್ಕೆ, ಬಾಗಿಲು ಮುಚ್ಚಿತ್ತು ಅಂತಲ್ಲ. ಹೊಸದುರ್ಗ ರೋಡ್‌ನ ಪ್ಯಾನೆಲ್ ನೆನಪಾಯಿತು. ಚೌಕಟ್ಟಿಗೆ ಅಯಸ್ಕಾಂತದ ಸ್ವಿಚ್ ಹಾಕಿ, ಅದು ಹೇಳಿದ್ದನ್ನೇ ತೋರಿಸುತ್ತೇವೆ. ಸ್ವಿಚ್‌ನ ತಂತಿ ಕಡಿದರೆ 'ತೆರೆದಿದೆ' ಅಂತ ಬರುತ್ತದೆ, ಟ್ರ್ಯಾಕ್ ಸರ್ಕ್ಯೂಟಿನ ಹಾಗೆ.

5. ಟೆಸ್ಟಿಂಗ್‌ಗೆ ಅಂತ ಕೋಡಿನಲ್ಲಿ ಒಂದು ಮಾಸ್ಟರ್ ಕಾರ್ಡ್ ನಂಬರ್ ಬರೆದಿಟ್ಟಿದ್ದೆವು. ಡೆಮೊ ಆದ ಮೇಲೂ ಅದು ಅಲ್ಲೇ ಇತ್ತು! ರಿಪೇರಿಯ ಬಾಗಿಲು ಅಂದರೆ ಇದೇ. ತೆಗೆದುಹಾಕಿದೆವು.

6. ತಪ್ಪಾದಾಗ ಬೋರ್ಡು ವೈಫೈ ಹೆಸರು, ಸರ್ವರ್ ವಿಳಾಸ ಎಲ್ಲವನ್ನೂ ಸಣ್ಣ ಪರದೆಯ ಮೇಲೆ ಉಗುಳುತ್ತಿತ್ತು. ಈಗ 'ಕೆಲಸ ಮಾಡ್ತಿಲ್ಲ' ಅಂತಷ್ಟೇ ಹೇಳುತ್ತದೆ. ವಿವರ ಒಳಗಿನ ಲಾಗ್‌ಗೆ ಹೋಗುತ್ತದೆ.

ಕೊನೆಗೆ ಪರೀಕ್ಷೆ. ನಾವು ಮೊದಲು ಪರೀಕ್ಷಿಸಿದ್ದೆಲ್ಲ ಕೆಲಸ ಮಾಡುತ್ತದೋ ಇಲ್ಲವೋ ಅಂತ. ಈ ಸಲ ಅಜ್ಜನ ಕೈಗೇ ಬೋರ್ಡು ಕೊಟ್ಟು "ಕೆಡಿಸಿ ನೋಡ್ರಿ" ಅಂದೆವು. ಅವರು ನೆಟ್ ವೈರ್ ಕಿತ್ತರು, ಮೇನ್ ಆಫ್ ಮಾಡಿ ಆನ್ ಮಾಡಿದರು, ಕಾರ್ಡ್ ತೋರಿಸುತ್ತಿರುವಾಗಲೇ ಪ್ಲಗ್ ಎಳೆದರು. ಬಾಗಿಲು ತೆರೆಯಲಿಲ್ಲ. ಆಮೇಲೆ ಒಳಗೆ ಹೋಗಿ ಮೇನ್ ಆಫ್ ಮಾಡಿಸಿ ಹ್ಯಾಂಡಲ್ ತಿರುಗಿಸಿದರು. ತೆರೆಯಿತು.

"ಈಗ ಬಾಗಿಲು ಆತು ನೋಡ್ರಿ," ಅಂದರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ ಇದೆ. ಬರೀ ಕಾರ್ಡು ತೋರಿಸುವ ಡೆಮೊ ನಂಬಿ ಬಂದಿದ್ದರೆ ನಮ್ಮ ಕಥೆಯೂ ಅದೇ ಆಗುತ್ತಿತ್ತು. ಮುಂದಿನ ಸಲ ನಿಮ್ಮ ಪ್ರಾಜೆಕ್ಟ್ ಒಪ್ಪಿಸುವ ಮೊದಲು ಒಂದು ಕೆಲಸ ಮಾಡಿ ಗೆಳೆಯರೇ. ಅದು ಕೆಡಬಹುದಾದ ಐದು ರೀತಿ ಬರೆಯಿರಿ. ಪ್ರತಿಯೊಂದರ ಮುಂದೆ, ಆಗ ಬಾಗಿಲು ಯಾರಿಗೆ ತೆರೆದಿರುತ್ತದೆ, ಯಾರಿಗೆ ಮುಚ್ಚಿರುತ್ತದೆ ಅಂತ ಬರೆಯಿರಿ. ಒಂದಕ್ಕೆ ಉತ್ತರ ಗೊತ್ತಿಲ್ಲದಿದ್ದರೂ ಪ್ರಾಜೆಕ್ಟ್ ಇನ್ನೂ ಮುಗಿದಿಲ್ಲ. ಹೋಗಿ ವೈರ್ ಕಿತ್ತು ನೋಡಿ.